ತಿರುಗೋದೇನೋ ತಿರುಗುತ್ತೆ

ಹುಲ್ಲು ಕತ್ತರಿಸುವ ನಮ್ಮ ಹಳೇ ಮೋವರ್ ಪ್ರಾಣ ಬಿಟ್ಟಿದ್ದು ಲಾನಿನ ನಟ್ಟನಡುವೆ. ಒಂದೂ ಮುಕ್ಕಾಲು ಎಕರೆಯಲ್ಲಿ ಅರ್ಧ ಕತ್ತರಿಸಿಯಾಗಿತ್ತು, ಇನ್ನರ್ಧ ಹಾಗೇ ಉಳಿದಿತ್ತು. ಅರ್ಧ ಕ್ಷೌರಕ್ಕೇ ಕುರ್ಚಿಯಿಂದ ಎದ್ದು ಓಡಿಬಂದವನ ತಲೆಯ ಹಾಗೆ ಕಾಣುತ್ತಿತ್ತು ನಮ್ಮ ಲಾನು. ಮೆಕ್ಯಾನಿಕ್ ಬಂದು ನೋಡಿದ. ಟ್ರಾನ್ಸ್‌ಮಿಷನ್ ಹೋಗಿದೆ, ಇದು ಸೀಲ್ ಮಾಡಿದ್ದು, ಬಿಚ್ಚಿ ರಿಪೇರಿ ಮಾಡೋ ಹಾಗಿಲ್ಲ ಅಂದ. ನಾನು ಮುಖ ಸಪ್ಪೆ ಮಾಡಿಕೊಂಡೆ. ಒಳಗೊಳಗೇ ಖುಷಿ. ಈ ಸುದ್ದಿಗಾಗಿ ಎರಡು ವರ್ಷದಿಂದ ಕಾದಿದ್ದೆ.

ನನ್ನ ಕಣ್ಣಿದ್ದದ್ದು ಝೀರೋ ಟರ್ನ್, ಅಂದರೆ ನಿಂತಲ್ಲೇ ತಿರುಗುವ ಮೋವರ್ ಮೇಲೆ. ಅದೂ ಮನೆಬಳಕೆಯದ್ದಲ್ಲ, ಕಮರ್ಷಿಯಲ್. ಬೆಳಗಿಂದ ಸಂಜೆವರೆಗೆ ಹುಲ್ಲು ಕತ್ತರಿಸುವುದೇ ಕಸುಬಾದವರು ಓಡಿಸುತ್ತಾರಲ್ಲ, ಅಂಥದ್ದು.

"ನಾವು ಕತ್ತರಿಸೋದು ವಾರಕ್ಕೊಂದು ಸಲ ಅಲ್ವೇನ್ರೀ?" ಅಂದಳು ಹೆಂಡತಿ.

"ಬಾಳಿಕೆ ಬರಬೇಕು," ಅಂದೆ. ಈ ಮಾತಿಗೆ ಯಾರೂ ಎದುರು ಹೇಳುವುದಿಲ್ಲ. ಎಷ್ಟೋ ದಂಡದ ಖರ್ಚುಗಳಿಗೆ ಇದೊಂದು ಮಾತೇ ಪಾಸ್‌ಪೋರ್ಟ್.

ಆಮೇಲೆ ಮೂರು ತಿಂಗಳು ನಾನು ಓದಿದ್ದೇ ಓದಿದ್ದು. ಕಾಲೇಜಿನಲ್ಲಿ ಹೀಗೆ ಓದಿದ್ದರೆ ನನ್ನ ಅಪ್ಪ ಎಷ್ಟು ನೆಮ್ಮದಿಯಾಗಿ ಇರುತ್ತಿದ್ದರೋ! ಮನೆಬಳಕೆಯ ಮೋವರ್‌ಗಳ ಡೆಕ್, ಅಂದರೆ ಬ್ಲೇಡಿನ ಮೇಲಿನ ತಗಡಿನ ಹೊದಿಕೆ, ಅಚ್ಚಿನಲ್ಲಿ ಒತ್ತಿದ ತೆಳು ತಗಡಾಗಿರುವುದೇ ಜಾಸ್ತಿ. ಕಮರ್ಷಿಯಲ್‌ನದ್ದು ದಪ್ಪ ಉಕ್ಕಿನ ಹಾಳೆ ಕತ್ತರಿಸಿ ವೆಲ್ಡ್ ಮಾಡಿದ್ದು. ಟ್ರಾನ್ಸ್‌ಮಿಷನ್ನಿನ ಎಣ್ಣೆ ಬದಲಿಸಬಹುದು, ಫಿಲ್ಟರ್ ಬದಲಿಸಬಹುದು. ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಹೈಡ್ರಾಲಿಕ್ ಪಂಪು, ಬೇರೆ ಬೇರೆ ಮೋಟಾರು. ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ಗಾಡಿ ನಿಂತಲ್ಲೇ ಬುಗುರಿ. ಇದನ್ನೆಲ್ಲ ಮಲಗುವ ಹೊತ್ತಿಗೆ ಹೆಂಡತಿಗೆ ವಿವರಿಸುತ್ತಿದ್ದೆ. ಅವಳಿಗೆ ಆ ಮೂರು ತಿಂಗಳು ಒಳ್ಳೆ ನಿದ್ದೆ ಬಂತು.

ಅಂಗಡಿಗೆ ಹೋದಾಗ ನನ್ನ ವಿದ್ಯೆಯೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅಲ್ಲಿನ ಹುಡುಗ ಎರಡು ಮೋವರ್ ತೋರಿಸಿ, "ಇದರ ಡೆಕ್ 11 ಗೇಜ್ ಸಾರ್, ಅದರದ್ದು 7 ಗೇಜ್," ಅಂದ.

"ನನಗೆ 11ರದ್ದೇ ಇರಲಿ. ದಪ್ಪ ಇರೋದೇ ಬೇಕು," ಅಂದೆ, ಎಲ್ಲ ಬಲ್ಲವನ ದನಿಯಲ್ಲಿ.

ಆತ ಒಳ್ಳೆಯ ಹುಡುಗ. ನಗಲಿಲ್ಲ. "ಸಾರ್, ಗೇಜ್ ನಂಬರ್ ಕಮ್ಮಿ ಆದಷ್ಟೂ ತಗಡು ದಪ್ಪ," ಅಂದ. 7 ಗೇಜ್ ಅಂದರೆ ಸುಮಾರು ನಾಲ್ಕೂವರೆ ಮಿಲಿಮೀಟರ್, 11 ಅಂದರೆ ಮೂರು. ಓದಿದ್ದೆ, ಮರೆತಿದ್ದೆ. ಪಕ್ಕದಲ್ಲಿದ್ದ ಹೆಂಡತಿ ಮಾತ್ರ ಛಾವಣಿ ನೋಡುತ್ತಾ ನಿಂತಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ನೋಟ ನನಗೆ ಚೆನ್ನಾಗಿ ಪರಿಚಯ.

ಇನ್ನು ಡೆಕ್ಕಿನ ಅಗಲ. 48 ಇಂಚು, 52, 54, 60 ಹೀಗೆ ಸಾಲಾಗಿ ನಿಂತಿದ್ದವು. ನನ್ನ ಬಳಿ ಲೆಕ್ಕ ಇತ್ತು. ಇಂಚಿನಲ್ಲಿ ಅಗಲವನ್ನು ಗಂಟೆಗೆ ಎಷ್ಟು ಮೈಲಿ ಅನ್ನುವ ವೇಗದಿಂದ ಗುಣಿಸಿ 99ರಿಂದ ಭಾಗಿಸಿದರೆ, ಗಂಟೆಗೆ ಎಷ್ಟು ಎಕರೆ ಕತ್ತರಿಸಬಹುದು ಎಂದು ಸಿಗುತ್ತದೆ. 60 ಇಂಚಿನದ್ದು ಎಂಟು ಮೈಲಿ ವೇಗದಲ್ಲಿ ಹೋದರೆ ಹೆಚ್ಚುಕಮ್ಮಿ 4.8 ಎಕರೆ. ಅಂದರೆ ನಮ್ಮ ಲಾನು ಇಪ್ಪತ್ತೆರಡು ನಿಮಿಷದಲ್ಲಿ ಮುಗಿಯಬೇಕು! ಕಾಗದದ ಮೇಲೆ ಮರ ಇರುವುದಿಲ್ಲ, ಹೂವಿನ ಪಾತಿ ಇರುವುದಿಲ್ಲ, ಮೂಲೆಯಲ್ಲಿ ತಿರುಗಿಸುವ ರಗಳೆ ಇರುವುದಿಲ್ಲ. ಅದೆಲ್ಲ ಆಮೇಲೆ ಗೊತ್ತಾಯಿತು.

"ರೀ, ಇದು ಹಿತ್ತಲ ಗೇಟಲ್ಲಿ ಹೋಗುತ್ತಾ?" ಅಂತ ಹೆಂಡತಿ ಕೇಳಿದ್ದು ನೆನಪಿದೆ. ನಾನು ಉತ್ತರ ಕೊಟ್ಟಿದ್ದೂ ನೆನಪಿದೆ. "ಇದರ ಬ್ಲೇಡಿನ ಸ್ಪಿಂಡಲ್‌ಗೆ ಗ್ರೀಸ್ ಹಾಕಬಹುದು ಕಣೇ," ಅಂದಿದ್ದೆ.

ಗಾಡಿ ಮನೆಗೆ ಬಂತು. ಐದು ನೂರು ಕಿಲೋ ಮೀರಿದ ಭಾರ, ಹೊಳೆಯುವ ಬಣ್ಣ. ನಾನೇ ಇಳಿಸುತ್ತೇನೆ ಅಂತ ಹಟ ಮಾಡಿದರೂ ತಂದವನು ಬಿಡಲಿಲ್ಲ. ಅವನು ಪುಣ್ಯಾತ್ಮ. ಸಲೀಸಾಗಿ ಇಳಿಸಿ, ಹಿತ್ತಲ ಗೇಟಿನ ಮುಂದೆ ತಂದು ನಿಲ್ಲಿಸಿ, ಗೇಟು ನೋಡಿದ. ಮೋವರ್ ನೋಡಿದ. ನನ್ನನ್ನು ನೋಡಿದ. ಅಷ್ಟರಲ್ಲಿ ಹೆಂಡತಿ ಒಳಗಿಂದ ಟೇಪು ತಂದಿದ್ದಳು. ಗೇಟು ನಾಲ್ಕಡಿ. ಡೆಕ್ಕು ಐದಡಿ. ಪಕ್ಕಕ್ಕೆ ಹುಲ್ಲು ಉಗುಳುವ ಚ್ಯೂಟ್ ಬೇರೆ.

"ಚ್ಯೂಟ್ ಮೇಲಕ್ಕೆ ಮಡಚಬಹುದು," ಅಂದೆ ಮೆಲ್ಲಗೆ.

"ಮಡಚಿ, ಮಡಚಿ," ಅಂದಳು.

ಗೇಟು, ಅದರ ಎರಡು ಕಂಬ, ಬೇಲಿಯ ಒಂದು ತುಂಡು, ಎಲ್ಲ ಕಿತ್ತಿದ್ದಾಯಿತು. ಅದಕ್ಕೇ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಹಿತ್ತಲ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು ಎಂಬ ನಿಯಮ ನನಗೆ ಬಾಯಿಪಾಠವಾಗಿತ್ತು. ಹಾಗಾಗಿ ಇಪ್ಪತ್ತೆರಡು ನಿಮಿಷದ ಕೆಲಸವನ್ನು ಮೂರು ಕಂತಿನಲ್ಲಿ ಮಾಡಬೇಕಾಗಿತ್ತು.

ಮೊದಲ ಸವಾರಿ. ಝೀರೋ ಟರ್ನ್‌ಗೆ ಸ್ಟೀರಿಂಗ್ ಇಲ್ಲ. ಎರಡು ಕೈಗೆ ಎರಡು ಉದ್ದನೆಯ ಲಿವರ್. ಎರಡನ್ನೂ ಸಮನಾಗಿ ತಳ್ಳಿದರೆ ಮುಂದಕ್ಕೆ, ಎಳೆದರೆ ಹಿಂದಕ್ಕೆ. ಕೇಳುವುದಕ್ಕೆ ಎಷ್ಟು ಸುಲಭ! ತಳ್ಳಿದೆ. ಗಾಡಿ ಜಿಗಿಯಿತು. ಗಾಡಿ ಜಿಗಿದಾಗ ಮೈ ಹಿಂದಕ್ಕೆ ವಾಲಿತು. ಮೈಯ ಜೊತೆ ಕೈಯೂ ವಾಲಿ ಲಿವರ್ ಹಿಂದಕ್ಕೆ ಬಂತು. ಗಾಡಿ ಗಕ್ಕನೆ ನಿಂತಿತು. ಮೈ ಮುಂದಕ್ಕೆ ವಾಲಿತು, ಲಿವರ್ ಮುಂದಕ್ಕೆ ಹೋಯಿತು, ಗಾಡಿ ಮತ್ತೆ ಜಿಗಿಯಿತು. ಕೋಲೆಬಸವನ ಹಾಗೆ ತಲೆಯಾಡಿಸುತ್ತಾ ಹಿತ್ತಲನ್ನು ಪ್ರವೇಶ ಮಾಡಿದೆ. ಗಾಬರಿಯಲ್ಲಿ ಬಲಗೈ ಮುಂದೆ, ಎಡಗೈ ಹಿಂದೆ. ಅದೊಂದನ್ನು ಮಾತ್ರ ಮಾಡಬಾರದಿತ್ತು. ಎಷ್ಟು ಸುತ್ತು ತಿರುಗಿದೆನೋ ಲೆಕ್ಕವಿಲ್ಲ. ಪ್ರತಿ ಸುತ್ತಿನಲ್ಲೂ ಒಮ್ಮೆ ಮನೆ, ಒಮ್ಮೆ ಬೇಲಿ, ಒಮ್ಮೆ ಹೆಂಡತಿ ಕಾಣುತ್ತಿದ್ದರು. ಗುಲಾಬಿ ಪಾತಿ ಮೊದಲ ಎರಡು ಸುತ್ತಿನಲ್ಲಿ ಕಾಣಿಸಿತು. ಆಮೇಲೆ ಇಲ್ಲ.

ಸ್ವಲ್ಪ ಹದ ಸಿಕ್ಕ ಮೇಲೆ ಹಿಂದೆ ಒಂದು ಗೆರೆ ಹುಲ್ಲು ಬಿಟ್ಟುಹೋಗಿದೆಯಾ ಎಂದು ಸೀಟಿನಿಂದ ಅರ್ಧ ಎದ್ದು ನೋಡಿದೆ. ಎಂಜಿನ್ ಪಟ್ಟನೆ ಆಫ್. ಮತ್ತೆ ಸ್ಟಾರ್ಟ್ ಮಾಡಿ ಓಡಿಸಿದೆ, ಎದ್ದು ನೋಡಿದೆ, ಮತ್ತೆ ಆಫ್. ಅಂಗಡಿಗೆ ಫೋನ್ ಮಾಡಿ ಕೂಗಾಡಿದೆ.

"ಸಾರ್, ಎದ್ದ್ರಾ?"

"ನಾನು ಎದ್ದರೆ ಎಂಜಿನ್‌ಗೇನು ಕಷ್ಟ?"

"ಸೀಟಿನ ಕೆಳಗೆ ಸ್ವಿಚ್ ಇದೆ ಸಾರ್. ಬ್ಲೇಡ್ ತಿರುಗುವಾಗ ನೀವು ಎದ್ದರೆ, ಬಿದ್ರಿ ಅಂತ ತಿಳ್ಕೊಂಡು ಅದೇ ನಿಂತುಬಿಡುತ್ತೆ."

ಮನೆಯಲ್ಲಿ ನನ್ನ ಬಗ್ಗೆ ಇಷ್ಟು ಕಾಳಜಿ ಇರುವ ಇನ್ನೊಂದು ವಸ್ತು ಇಲ್ಲ. ಫೋನ್ ಇಡುವ ಮೊದಲು ಆ ಹುಡುಗ ಇನ್ನೊಂದು ಮಾತು ಕೇಳಿದ. ತಲೆಯ ಹಿಂದಿನ ರೋಲ್ ಬಾರ್, ಅಂದರೆ ಗಾಡಿ ಮಗುಚಿದರೆ ಕಾಪಾಡುವ ಕಂಬಿ, ಮೇಲೆತ್ತಿದ್ದೀರಾ, ಬೆಲ್ಟ್ ಹಾಕಿದ್ದೀರಾ ಅಂತ. ಬಾರ್ ಕೊಂಬೆಗೆ ತಾಗುತ್ತದೆ ಎಂದು ಮಡಚಿ, ಬೆಲ್ಟ್ ಬಿಗಿಯಾಗಿ ಹಾಕಿಕೊಂಡಿದ್ದೆ. ಸರಿಯಾಗಿ ತಿರುಗುಮುರುಗು. ಬಾರ್ ಮೇಲಿದ್ದರೆ ಬೆಲ್ಟ್ ಹಾಕಬೇಕು, ಮಡಚಿದ್ದರೆ ಹಾಕಬಾರದು. ಇಲ್ಲದಿದ್ದರೆ ಗಾಡಿ ಮಗುಚಿದಾಗ ಅದರ ಜೊತೆಯೇ ನಾವೂ ಕೆಳಗೆ.

ವಾರ ಕಳೆಯುವ ಹೊತ್ತಿಗೆ ಲಾನಿನ ತುದಿಯಲ್ಲಿ ಸಾಲಾಗಿ ದುಂಡನೆಯ ಬೋಳು ಕಲೆಗಳು ಎದ್ದವು. ಏನೋ ರೋಗ ಬಂತು ಅಂದುಕೊಂಡೆ. ರೋಗ ನಾನೇ. ಒಂದು ಚಕ್ರ ನಿಲ್ಲಿಸಿ ಇನ್ನೊಂದನ್ನು ಸುತ್ತಿಸಿದರೆ, ನಿಂತ ಚಕ್ರ ಹುಲ್ಲನ್ನು ಬೇರುಸಮೇತ ಅರೆದುಬಿಡುತ್ತದೆ. ಹಾಗಾಗಿ ಸ್ವಲ್ಪ ಹಿಂದೆ ಬಂದು, ಎರಡೂ ಚಕ್ರ ಉರುಳುತ್ತಿರುವಾಗಲೇ ನಿಧಾನವಾಗಿ ತಿರುಗಿಸಬೇಕಂತೆ. ನಿಂತಲ್ಲೇ ತಿರುಗುತ್ತದೆ ಎಂದೇ ಕೊಂಡ ಗಾಡಿಯನ್ನು ನಿಂತಲ್ಲೇ ತಿರುಗಿಸಬಾರದು!

ಕೊನೆಗೆ ಉಳಿದದ್ದು ಹಿಂಬದಿಯ ಇಳಿಜಾರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲ ನಿಜವಾಗಿಯೂ ಡೊಂಕು. ಫೋನ್ ಇಟ್ಟು ಅಳೆದೆ, 19 ಡಿಗ್ರಿ. ಗಾಡಿಯ ಪುಸ್ತಕದಲ್ಲಿ 15 ದಾಟಬೇಡಿ ಎಂದು ಕೆಂಪಕ್ಷರದಲ್ಲಿತ್ತು. ಮುಂದಿನ ಎರಡು ಪುಟ್ಟ ಚಕ್ರ ಸುಮ್ನೆ ಉರುಳುವುದಕ್ಕಷ್ಟೇ, ಅವಕ್ಕೆ ದಾರಿ ಗೊತ್ತಿಲ್ಲ. ಹಿಂದಿನ ಚಕ್ರ ಜಾರಿದರೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಶೆಡ್ಡಿನ ಮೂಲೆಯಲ್ಲಿ ಕೈಯಿಂದ ತಳ್ಳುವ, ಬ್ಲೇಡುಗಳು ಉರುಳೆಯ ಹಾಗೆ ಸುತ್ತುವ ಒಂದು ಸಿಲಿಂಡರ್ ಮೋವರ್ ಇತ್ತು. ಎಂಜಿನ್ ಇಲ್ಲ, ಏನೂ ಇಲ್ಲ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಜುಂಗು ಕತ್ತರಿಸುವ ಯಂತ್ರ ನೋಡಿ ಮೊದಲ ಮೋವರ್‌ಗೆ ಪೇಟೆಂಟ್ ತೆಗೆದುಕೊಂಡ. ಇದು ಅದರ ಮೊಮ್ಮಗ. ಎಸೆಯಬೇಡಿ ಅಂತ ಹೆಂಡತಿ ಎರಡು ಸಲ ಹೇಳಿದ್ದಳು.

ಈಗ ಝೀರೋ ಟರ್ನ್ ಓಡಿಸುವುದು ಅವಳೇ. ಒಂದು ಸಂಜೆ ಸುಮ್ನೆ ನೋಡುತ್ತೇನೆ ಅಂತ ಕೂತವಳಿಗೆ ಹತ್ತೇ ನಿಮಿಷದಲ್ಲಿ ಕೈ ಕೂತುಬಿಟ್ಟಿತು. ಗೆರೆ ಎಳೆದ ಹಾಗೆ ಪಟ್ಟೆ ಬೀಳುತ್ತದೆ. ಒಂದು ಬೋಳು ಕಲೆ ಇಲ್ಲ. ನಾನು ಕೆಳಗಡೆ ಇಳಿಜಾರಿನಲ್ಲಿ ಬಡ್ಡಿಂಗ್ ಮಹಾಶಯನ ಮೊಮ್ಮಗನನ್ನು ತಳ್ಳುತ್ತಾ ಏದುಸಿರು ಬಿಡುತ್ತಿರುತ್ತೇನೆ. ಅವಳು ಅಂಚಿಗೆ ಬಂದು ನಿಲ್ಲಿಸಿ, ಎದ್ದರೆ ಎಂಜಿನ್ ಆಫ್ ಆಗುತ್ತದಲ್ಲ, ಅದಕ್ಕೆ ಸೀಟಿನಲ್ಲೇ ಕೂತು ಕತ್ತು ಚಾಚಿ ಕೂಗುತ್ತಾಳೆ:

"ರೀ, ಆ ಕಡೆ ಒಂದು ಸಾಲು ಬಿಟ್ಟುಹೋಗಿದೆ ನೋಡಿ!"