ಚಳಿನಾಡಿನ ಕೈಪಿಡಿ, ಬಿಸಿನಾಡಿನ ರಾಣಿ

ಕನ್ನಡನಾಡಿನಿಂದ ದೂರ ಬಂದು, ವರ್ಷದಲ್ಲಿ ಮೂರು ನಾಲ್ಕು ತಿಂಗಳು ನೆಲವೇ ಹೆಪ್ಪುಗಟ್ಟುವ ಸೀಮೆಯಲ್ಲಿ ನೆಲೆಸಿದ ಮೇಲೆ ನನಗೆ ರಾಣಿ ಇರುವೆಯನ್ನು ಹಿಡಿದು ಸಾಕುವ ಹವ್ಯಾಸ ಹತ್ತಿತು. ಇಲ್ಲಿಯ ಹವ್ಯಾಸಿಗಳ ಬಳಿ ಇದಕ್ಕೊಂದು ಸಿದ್ಧ ಕ್ರಮವಿದೆ: ರಾಣಿಯನ್ನು ಹಿಡಿ, ನೀರಿರುವ ಗಾಜಿನ ಪ್ರನಾಳದಲ್ಲಿಡು, ಕತ್ತಲು ಮಾಡು, ಆರೆಂಟು ವಾರ ಕಾಯಿ, ಹಿಮಗಾಲದಲ್ಲಿ ತಣ್ಣಗಿಡು. ಈ ಕ್ರಮ ತಪ್ಪಲ್ಲ. ಆದರೆ ಇದು ಬಹುಮಟ್ಟಿಗೆ ಯೂರೋಪಿನ ತೋಟಗಳಲ್ಲಿ ಎಲ್ಲೆಂದರಲ್ಲಿ ಸಿಗುವ ಲೇಸಿಯಸ್ ನೈಗರ್ ಎಂಬ ಸಣ್ಣ ಕಪ್ಪಿರುವೆಯ ಬಾಳನ್ನು ನೋಡಿ ಬರೆದ ಕ್ರಮ ಎಂಬುದನ್ನು ಹೇಳುವವರು ಕಡಿಮೆ. ಅದನ್ನೇ ಬಿಸಿನಾಡಿನ ಇರುವೆಗಳ ಮೇಲೂ ಹೇರುವುದರಿಂದ ಎಷ್ಟೋ ರಾಣಿಗಳು ಸಾಯುತ್ತವೆ. ಅಂಥದೊಂದು ಸಾವಿಗೆ ನಾನೇ ಕಾರಣನಾದೆ ಎಂಬ ನೋವಿನಿಂದ ಈ ಎರಡು ಬಗೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕೆನಿಸಿದೆ.

ಎರಡೂ ಕಡೆಗೆ ಸಮಾನವಾದದ್ದು ರಾಣಿಯ ಸ್ಥಿತಿ. ಮಳೆ ಬಿದ್ದು, ಗಾಳಿ ನಿಂತು, ಸೆಕೆ ಏರಿದ ಹೊತ್ತಿನಲ್ಲಿ ರೆಕ್ಕೆಯುಳ್ಳ ಗಂಡು ಹೆಣ್ಣುಗಳು ಗೂಡಿನಿಂದೆದ್ದು ಹಾರುತ್ತವೆ. ಮಿಲನ ಮುಗಿದ ಕೆಲವೇ ದಿನಗಳಲ್ಲಿ ಗಂಡುಗಳು ಸಾಯುತ್ತವೆ. ಹೆಣ್ಣು ನೆಲಕ್ಕಿಳಿದು ತನ್ನ ರೆಕ್ಕೆಗಳನ್ನು ತಾನೇ ಕಳಚಿಕೊಳ್ಳುತ್ತದೆ. ಆ ಒಂದು ಹಾರಾಟದಲ್ಲಿ ಪಡೆದ ವೀರ್ಯವನ್ನು ಹೊಟ್ಟೆಯೊಳಗಿನ ಸಂಚಿಯಲ್ಲಿ ಕಾಪಿಟ್ಟುಕೊಂಡು ಬಾಳಿನುದ್ದಕ್ಕೂ ಮೊಟ್ಟೆಗೆ ಬಳಸುತ್ತದೆ. ಪ್ರಯೋಗಾಲಯದಲ್ಲಿ ಒಂದು ಲೇಸಿಯಸ್ ನೈಗರ್ ರಾಣಿ 28 ವರ್ಷ ಬದುಕಿದ ದಾಖಲೆಯಿದೆ. ಅಷ್ಟು ದೀರ್ಘ ಬಾಳಿನ ಅತ್ಯಂತ ಅಪಾಯದ ಘಟ್ಟವೆಂದರೆ ಮೊದಲ ಕೆಲಸಗಾರ ಇರುವೆ ಹುಟ್ಟುವವರೆಗಿನ ಕೆಲವು ವಾರಗಳು. ಹಿಡಿದ ರಾಣಿಯನ್ನು ಪ್ರನಾಳಕ್ಕೆ ಬಿಡುವಾಗ ನಮ್ಮ ಕೈಗೆ ಬರುವುದು ಈ ಘಟ್ಟವೇ.

ಚಳಿನಾಡಿನ ಕ್ರಮದಲ್ಲಿ ನಾನು ಮನಸಾರೆ ಮೆಚ್ಚುವುದು ಅದರ ಪ್ರನಾಳವನ್ನು. ಹದಿನೈದು ಸೆಂಟಿಮೀಟರ್ ಉದ್ದದ ನಳಿಕೆಯಲ್ಲಿ ಮೂರನೆಯ ಒಂದು ಭಾಗ ನೀರು ತುಂಬಿ, ನೀರಿಗೆ ತಾಗುವಂತೆ ಹತ್ತಿಯ ಬಿರಡೆಯೊಂದನ್ನು ಬಿಗಿಯಾಗಿ ತಳ್ಳಿ, ನಡುವೆ ರಾಣಿಗೆ ಒಂದಿಷ್ಟು ಜಾಗ ಬಿಟ್ಟು, ಬಾಯಿಗೆ ಇನ್ನೊಂದು ಹತ್ತಿಯ ಬಿರಡೆ ಇಟ್ಟರೆ ಮುಗಿಯಿತು. ಒದ್ದೆ ಹತ್ತಿಯಿಂದ ತಿಂಗಳುಗಟ್ಟಲೆ ತೇವ ದೊರೆಯುತ್ತದೆ, ಬಾಯಿಯ ಹತ್ತಿಯ ಮೂಲಕ ಗಾಳಿಯಾಡುತ್ತದೆ, ರಾಣಿ ನೆಲದೊಳಗೆ ತೋಡಿಕೊಳ್ಳುತ್ತಿದ್ದ ಇಕ್ಕಟ್ಟಾದ ಕೋಣೆಯ ಅಳತೆಗೇ ಇದು ಹತ್ತಿರವಾಗಿರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಲಬಕ್ ಎರಡು ಗಾಜಿನ ಹಲಗೆಗಳ ನಡುವೆ ತೆಳುವಾಗಿ ಮಣ್ಣು ಹರಡಿ ಇರುವೆಗಳನ್ನು ಸಾಕಿದರು. ಅವರ ಬಳಿಯಿದ್ದ ಒಂದು ರಾಣಿ 1874ರಿಂದ 1888ರವರೆಗೆ ಬದುಕಿತ್ತು. ಫ್ರಾನ್ಸಿನ ಶಾರ್ಲ್ ಜಾನೆ ಅದೇ ಶತಮಾನದ ಕೊನೆಯಲ್ಲಿ ಜಿಪ್ಸಮ್ ಗಾರೆಯಲ್ಲಿ ಕೋಣೆಗಳನ್ನು ಕೊರೆದು ಒಂದು ಬದಿಗೆ ನೀರುಣಿಸುವ ಗೂಡನ್ನು ರೂಪಿಸಿದರು. ಬೆಳೆದ ಸಂಸಾರಕ್ಕೆ ಇವೆರಡೂ ಒಳ್ಳೆಯವೇ. ಒಂಟಿ ರಾಣಿಗೆ ಮಾತ್ರ ಪ್ರನಾಳಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ.

ಆದರೆ ಪ್ರನಾಳ ಪಾರದರ್ಶಕ, ಅದೇ ಅದರ ಕೇಡು. ಕಾಣುತ್ತದೆ ಎಂದಮೇಲೆ ನೋಡಬೇಕೆನಿಸುತ್ತದೆ. ನನ್ನ ಮೊದಲ ರಾಣಿಯನ್ನು ನಾನು ದಿನಕ್ಕೆರಡು ಬಾರಿ ಬೆಳಕಿಗೆ ತಂದು ನೋಡುತ್ತಿದ್ದೆ. ನಾಲ್ಕನೆಯ ದಿನ ಆರು ಮೊಟ್ಟೆಗಳಿದ್ದವು, ಏಳನೆಯ ದಿನ ಹನ್ನೊಂದು, ಒಂಬತ್ತನೆಯ ದಿನ ಒಂದೂ ಇರಲಿಲ್ಲ. ಅಲುಗಾಟವನ್ನೂ ಬೆಳಕನ್ನೂ ಅಪಾಯವೆಂದು ತಿಳಿದ ರಾಣಿ ಇಟ್ಟ ಮೊಟ್ಟೆಗಳನ್ನು ತಿಂದುಬಿಡುತ್ತದೆ. ಅದರ ದೃಷ್ಟಿಯಲ್ಲಿ ಅದು ಕ್ರೌರ್ಯವಲ್ಲ, ಉಳಿದಿರುವ ಶಕ್ತಿಯನ್ನು ಮರಳಿ ಪಡೆಯುವ ದಾರಿ. ಮುಚ್ಚಿದ ಕೋಣೆಯಲ್ಲಿ ಸಂಸಾರ ಹೂಡುವ ರಾಣಿ ಹೊರಗಿನಿಂದ ಏನನ್ನೂ ತಿನ್ನುವುದಿಲ್ಲ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿ, ಅದರಿಂದಲೇ ಮೊದಲ ಮರಿಹುಳುಗಳಿಗೆ ಉಣಿಸುತ್ತದೆ. ಆ ದಾಸ್ತಾನು ಒಂದೇ ಬಾರಿಯದು. ಒಮ್ಮೆ ಮೊಟ್ಟೆ ಕಳೆದುಕೊಂಡ ರಾಣಿ ಮತ್ತೆ ಇಡಬಲ್ಲದು, ಎರಡನೆಯ ಬಾರಿಯೂ ಇಡಬಹುದು, ಮೂರನೆಯ ಬಾರಿಗೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೇ ನಾನೀಗ ವಾರಕ್ಕೊಮ್ಮೆ, ಮಂದವಾದ ಕೆಂಪು ಬೆಳಕಿನಲ್ಲಿ, ಪ್ರನಾಳವನ್ನು ಕೈಯಿಂದ ಎತ್ತದೆ ನೋಡುತ್ತೇನೆ. ಕೆಂಪು ಬೆಳಕು ಇರುವೆಗಳ ಕಣ್ಣಿಗೆ ಅಷ್ಟಾಗಿ ತಾಗುವುದಿಲ್ಲ. ಈ ವಿಷಯದಲ್ಲಿ ಚಳಿನಾಡಿನ ಹಿರಿಯ ಹವ್ಯಾಸಿಗಳ ಸಹನೆಗೆ ನಾನು ತಲೆಬಾಗುತ್ತೇನೆ.

ಅವರ ಕ್ರಮ ಎಡವುವುದು ಇಲ್ಲಿಂದ ಮುಂದೆ. ಎಲ್ಲ ರಾಣಿಗಳೂ ಉಪವಾಸವಿದ್ದು ಸಂಸಾರ ಹೂಡುವುದಿಲ್ಲ. ಬಿಸಿನಾಡುಗಳಲ್ಲಿ ಹೇರಳವಾಗಿರುವ ಬೇಟೆಗಾರ ಇರುವೆಗಳ ಗುಂಪಿನಲ್ಲಿ, ಅಂದರೆ ಉದ್ದ ದವಡೆಯ, ಕುಟುಕುವ, ಒಂಟಿಯಾಗಿ ಅಲೆದು ಹುಳ ಹಿಡಿಯುವ ಪೋನೆರೈನ್ ಬಗೆಗಳಲ್ಲಿ, ರಾಣಿ ಮೊಟ್ಟೆಯಿಟ್ಟ ಮೇಲೂ ಹೊರಗೆ ಹೋಗಿ ಬೇಟೆಯಾಡಿ ತರುವುದು ಸಾಮಾನ್ಯ. ಅದರ ಮೈಯಲ್ಲಿ ಸಾಕಷ್ಟು ಕೊಬ್ಬಿರುವುದಿಲ್ಲ. ಕೈಪಿಡಿಯನ್ನು ನಂಬಿ ಇಂಥ ರಾಣಿಯನ್ನು ಆರು ವಾರ ಕತ್ತಲಲ್ಲಿ ಮುಚ್ಚಿಟ್ಟರೆ ಹಸಿವಿನಿಂದ ಸಾಯುತ್ತದೆ. ಪ್ರನಾಳದ ಬಾಯಿಗೆ ಒಂದು ಸಣ್ಣ ಡಬ್ಬಿಯನ್ನು ಸೇರಿಸಿ, ಎರಡು ಮೂರು ದಿನಕ್ಕೊಮ್ಮೆ ಆಗತಾನೆ ಕೊಂದ ಪುಟ್ಟ ಹುಳವನ್ನು ಇಡುವುದೇ ಅದಕ್ಕೆ ತಕ್ಕ ಏರ್ಪಾಡು. ಇನ್ನು ಡಯಾಕಾಮ ಎಂಬ ಕುಲದಲ್ಲಿ ರಾಣಿಯೆಂಬ ಬೇರೆ ರೂಪವೇ ಇಲ್ಲ. ಹುಟ್ಟುವಾಗ ಎಲ್ಲ ಹೆಣ್ಣುಗಳಿಗೂ ಬೆನ್ನಿನ ಮೇಲೆ ಮೊಗ್ಗಿನಂಥ ಎರಡು ಪುಟ್ಟ ಅಂಗಗಳಿರುತ್ತವೆ, ಗೂಡಿನ ಒಡತಿ ಹೊಸದಾಗಿ ಹುಟ್ಟಿದವುಗಳ ಮೊಗ್ಗನ್ನು ಕಚ್ಚಿ ತೆಗೆಯುತ್ತದೆ, ಮೊಗ್ಗು ಉಳಿಸಿಕೊಂಡದ್ದು ಮಾತ್ರ ಗಂಡಿನೊಡನೆ ಕೂಡಿ ಮೊಟ್ಟೆಯಿಡುತ್ತದೆ. ಅಂಥ ಕುಲದಲ್ಲಿ ರೆಕ್ಕೆ ಕಳಚಿದ ರಾಣಿಗಾಗಿ ಮಳೆಯ ಮರುದಿನ ನೆಲ ನೋಡುತ್ತ ನಡೆದರೆ ಎಷ್ಟು ವರ್ಷವಾದರೂ ಸಿಗದು.

ಹಾಗಾಗಿ ಹಿಡಿದ ಕೂಡಲೆ ಕೇಳಬೇಕಾದ ಮೊದಲ ಪ್ರಶ್ನೆ ಪ್ರನಾಳದ್ದಲ್ಲ, ಕುಲದ್ದು. ಗೊದ್ದವೋ, ಕೆಂಜಿಗವೋ, ಎಲೆ ಹೊಲಿದು ಮರದಲ್ಲಿ ಗೂಡು ಕಟ್ಟುವ ಚಗಳಿಯೋ ಎಂದು ತಿಳಿಯದೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ. ನಮ್ಮ ಭಾಷೆಯಲ್ಲಿ ಬೇರೆ ಬೇರೆ ಇರುವೆಗೆ ಬೇರೆ ಬೇರೆ ಹೆಸರುಗಳಿವೆ. ಆ ಹೆಸರುಗಳನ್ನು ಬಲ್ಲವನು ಈ ಮೊದಲ ಪ್ರಶ್ನೆಗೆ ಅರ್ಧ ಉತ್ತರವನ್ನು ಆಗಲೇ ಬಲ್ಲ.

ಎರಡು ಕ್ರಮಗಳು ನೇರವಾಗಿ ಎದುರುಬದುರಾಗುವುದು ಚಳಿಗಾಲದಲ್ಲಿ. ನಾನಿರುವ ಸೀಮೆಯ ಇರುವೆಗಳಿಗೆ ಶೀತನಿದ್ರೆ ಒಂದು ಕಡ್ಡಾಯದ ವಿರಾಮ. ಕ್ಯಾಂಪೊನೋಟಸ್ ಕುಲದ ಇಲ್ಲಿಯ ದೊಡ್ಡ ಇರುವೆಗಳನ್ನು ಬೆಚ್ಚಗಿಟ್ಟರೂ ಬೇಸಿಗೆಯ ಕೊನೆಗೆ ರಾಣಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ, ಮರಿಹುಳುಗಳ ಬೆಳವಣಿಗೆ ನಿಂತುಬಿಡುತ್ತದೆ. ನಿದ್ರೆ ತಪ್ಪಿಸಿದರೆ ಮುಂದಿನ ವರ್ಷ ಸಂಸಾರ ಸೊರಗುತ್ತದೆ. ಆದ್ದರಿಂದ ಉಷ್ಣತೆಯನ್ನು ಮೆಲ್ಲಮೆಲ್ಲನೆ ಇಳಿಸಿ, 5ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ತಿಂಗಳು ಇಟ್ಟು, ಮತ್ತೆ ಮೆಲ್ಲಮೆಲ್ಲನೆ ಏರಿಸಬೇಕು. ಇದನ್ನು ನಾನು ಎಷ್ಟು ಶ್ರದ್ಧೆಯಿಂದ ಕಲಿತೆನೆಂದರೆ, ಇದು ಇರುವೆ ಎಂಬ ಜೀವಿಗೇ ಅನ್ವಯಿಸುವ ನಿಯಮ ಎಂದು ನಂಬಿಬಿಟ್ಟೆ. ನಾಡಿನಲ್ಲಿರುವ ಅಕ್ಕನ ಮಗ ಮುಂಗಾರಿನ ಮೊದಲ ಮಳೆಯಾದ ಮರುದಿನ ಒಂದು ಗೊದ್ದದ ರಾಣಿಯನ್ನು ಹಿಡಿದು ಬಹಳ ಚೆನ್ನಾಗಿ ನೋಡಿಕೊಂಡಿದ್ದ; ಚಳಿಗಾಲದ ಹೊತ್ತಿಗೆ ಅವನ ಬಳಿ ಒಂಬತ್ತು ಕೆಲಸಗಾರ ಇರುವೆಗಳೂ ಒಂದು ಹಿಡಿ ಮರಿಹುಳುಗಳೂ ಇದ್ದವು. “ಮಾವ, ಇವುಗಳನ್ನೂ ತಣ್ಣಗಿಡಬೇಕೇ?” ಎಂದು ಕೇಳಿದಾಗ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡು ಎಂದು ನಾನು ಹೇಳಿದೆ. ಹನ್ನೆರಡು ದಿನಗಳಲ್ಲಿ ಮರಿಹುಳುಗಳೆಲ್ಲ ಕಪ್ಪಿಟ್ಟವು, ಮೂರನೆಯ ವಾರದಲ್ಲಿ ರಾಣಿಯೂ ಸತ್ತಿತು. ಅವನು ನನ್ನನ್ನು ಒಂದು ಮಾತೂ ದೂರಲಿಲ್ಲ, ಅದರಿಂದ ನನ್ನ ನೋವು ಕಡಿಮೆಯೇನೂ ಆಗಲಿಲ್ಲ.

ಗೊದ್ದವೂ ಅದೇ ಕ್ಯಾಂಪೊನೋಟಸ್ ಕುಲ, ಆದರೆ ಬೇರೆ ನೆಲ. ಹೆಪ್ಪುಗಟ್ಟುವ ಚಳಿಯನ್ನೇ ಕಾಣದ ನೆಲದ ಇರುವೆಗೆ ಅದನ್ನು ತಾಳುವ ಮೈಯಿಲ್ಲ. ಅದು ಹೆಚ್ಚುಕಡಿಮೆ ವರ್ಷವಿಡೀ ಮರಿಮಾಡುತ್ತದೆ, ತುಸು ತಣ್ಣಗಾದಾಗ ನಿಧಾನಗೊಳ್ಳುತ್ತದೆ, ಅಷ್ಟೇ. ಬಿಸಿನಾಡಿನಲ್ಲಿ ಸಾಕುವವನಿಗೆ ಕೃತಕ ಬಿಸಿಯೂ ಬೇಕಿಲ್ಲ, ಕೃತಕ ಚಳಿಯೂ ಬೇಕಿಲ್ಲ. ಕೋಣೆಯ ಉಷ್ಣತೆಯೇ ಸಾಕಾಗುತ್ತದೆ. ಅವನು ಎಚ್ಚರವಹಿಸಬೇಕಾದದ್ದು ಬೇರೆ ಎರಡರ ಬಗ್ಗೆ. ಒಂದು ಬೂಷ್ಟು: ಬೆಚ್ಚನೆಯ ತೇವದಲ್ಲಿ ಹತ್ತಿ ಬೇಗ ಬೂಷ್ಟು ಹಿಡಿಯುತ್ತದೆ. ಸ್ವಲ್ಪ ಕಪ್ಪಾದರೆ ಗಾಬರಿ ಬೇಡ, ಮರಿಗಳವರೆಗೆ ಹರಡಿದರೆ ಹೊಸ ಪ್ರನಾಳವನ್ನು ಬಾಯಿಗೆ ಬಾಯಿ ಸೇರಿಸಿ, ಹಳೆಯದನ್ನು ಬೆಳಕಿನಲ್ಲೂ ಹೊಸದನ್ನು ಕತ್ತಲಲ್ಲೂ ಇಟ್ಟು, ಅವು ತಾವಾಗಿಯೇ ದಾಟುವವರೆಗೆ ಬಿಡಬೇಕು. ಇನ್ನೊಂದು ಆವಿ: ನೀರಿರುವ ತುದಿಗೆ ಬಿಸಿಲೋ ಬಿಸಿಯೋ ತಾಗಿದರೆ, ತಣ್ಣನೆಯ ಭಾಗದಲ್ಲಿ ಹನಿಗಟ್ಟಿ ಮೊಟ್ಟೆಗಳು ಮುಳುಗುತ್ತವೆ. ಚಳಿನಾಡಿನಲ್ಲಿ ಕಾಯಿಸುವ ತಂತಿಯನ್ನು ಬಳಸುವವರಿಗೂ ಇದೇ ಮಾತು. ಬಿಸಿ ಯಾವಾಗಲೂ ಒಣ ತುದಿಯ ಕಡೆಗಿರಲಿ.

ಸಂಸಾರವನ್ನು ಬೇಗ ಬೆಳೆಸಲು ಇಲ್ಲಿ ಹಲವರು ಅನುಸರಿಸುವ ಇನ್ನೊಂದು ದಾರಿಯನ್ನು ನಾನು ಒಪ್ಪುವುದಿಲ್ಲ. ಹೊರಗಿನ ಗೂಡೊಂದನ್ನು ಅಗೆದು, ಅದೇ ಜಾತಿಯ ಕೋಶಗಳನ್ನು, ಅಂದರೆ ಮರಿಹುಳು ಇರುವೆಯಾಗಿ ಮಾರ್ಪಡುವ ಘಟ್ಟದವುಗಳನ್ನು, ತಂದು ಒಂಟಿ ರಾಣಿಯ ಮುಂದಿಡುತ್ತಾರೆ. ಕೋಶದಿಂದ ಹೊರಬರುವ ಎಳೆಯ ಇರುವೆ ಆಗ ಎದುರಿಗಿರುವ ವಾಸನೆಯನ್ನೇ ತನ್ನ ಮನೆಯದೆಂದು ಕಲಿಯುವುದರಿಂದ ಆ ರಾಣಿಯನ್ನು ಒಪ್ಪಿಕೊಳ್ಳುತ್ತದೆ. ವಿದ್ಯೆ ನಿಜ, ಫಲವೂ ಉಂಟು. ಬೇರೆ ಇರುವೆಗಳ ಗೂಡಿಗೆ ನುಗ್ಗಿ ಸಂಸಾರ ಹೂಡುವ ಪರಾವಲಂಬಿ ಜಾತಿಯ ರಾಣಿಗೆ ಆಸರೆಯ ಜಾತಿಯ ಇರುವೆಗಳನ್ನು ಒದಗಿಸದೆ ಗತಿಯೂ ಇಲ್ಲ. ಆದರೆ ತಾನೇ ಸಂಸಾರ ಹೂಡಬಲ್ಲ ರಾಣಿಗೆ ಅದರ ಅಗತ್ಯವೇನು? ಎರಡು ತಿಂಗಳ ಕಾಯುವಿಕೆಯನ್ನು ಉಳಿಸಿಕೊಳ್ಳಲು ವರ್ಷಗಟ್ಟಲೆ ಕಟ್ಟಿದ ಗೂಡನ್ನು ಕೆದಕುವುದು ನನಗೆ ಸರಿಕಾಣದು. ಹೊರಗಿನ ಕೋಶಗಳ ಜೊತೆ ನುಸಿಗಳು ಬಂದು ರಾಣಿಯ ಮೈಗೆ ಅಂಟುವ ಅಪಾಯವೂ ಇದೆ. ಎರಡು ಮೂರು ರಾಣಿಗಳನ್ನು ಒಟ್ಟಿಗೆ ಇಡುವುದೂ ಇಂಥದೇ ಆತುರ. ಲೇಸಿಯಸ್ ನೈಗರ್ ರಾಣಿಗಳು ಮೊದಲು ಕೂಡಿಯೇ ಮರಿಗಳನ್ನು ಸಾಕುತ್ತವೆ, ಕೆಲಸಗಾರ ಇರುವೆಗಳು ಹುಟ್ಟಿದ ಮೇಲೆ ಒಂದೇ ಉಳಿಯುವವರೆಗೆ ಕಾದಾಡುತ್ತವೆ.

ಮೊದಲ ಕೆಲಸಗಾರ ಇರುವೆಗಳು ರಾಣಿಯ ಮೈಯನ್ನೇ ಉಂಡು ಬೆಳೆದವು, ಆದ್ದರಿಂದ ಅವು ಅದೇ ಜಾತಿಯ ಮುಂದಿನ ಇರುವೆಗಳಿಗಿಂತ ಸಣ್ಣವು, ಅಳುಕಿನವು. ಅವು ಕಂಡ ದಿನ ಬಾಯಿಯ ಹತ್ತಿಯ ಬಳಿ ಸಕ್ಕರೆ ನೀರಿನ ಒಂದು ಸಣ್ಣ ಹನಿ, ಮರುದಿನ ಹುಳದ ಒಂದು ಚೂರು, ಇಷ್ಟು ಸಾಕು. ಸಿಹಿಯಿಂದ ಕೆಲಸಗಾರ ಇರುವೆಗಳಿಗೆ ಬಲ, ಹುಳದ ಮಾಂಸದಿಂದ ಮರಿಹುಳುಗಳಿಗೆ ಬೆಳವಣಿಗೆ. ತಿನ್ನದೆ ಉಳಿದದ್ದನ್ನು ಮರುದಿನವೇ ತೆಗೆಯಬೇಕು. ಚಂದದ ಗೂಡಿಗೆ ಬೇಗ ಸಾಗಿಸುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಐದು ಇರುವೆಗಳಿಗೆ ಇಪ್ಪತ್ತು ಕೋಣೆಗಳನ್ನು ಕೊಟ್ಟರೆ ಅವು ಒಂದರಲ್ಲಿ ಮುದುಡಿ ಕುಳಿತು, ಉಳಿದವನ್ನು ಕಸಕ್ಕೆ ಬಳಸುತ್ತವೆ. ಮೂವತ್ತು ಇರುವೆಗಳಾಗುವವರೆಗೆ ಪ್ರನಾಳವೇ ಇರಲಿ ಎಂಬುದು ನನ್ನ ಅಳತೆ.

ಇಷ್ಟು ಹೇಳಿದ ಮೇಲೆ ದೂರದ ನಾಡಿನ ರಾಣಿಯನ್ನು ತರಿಸಿಕೊಳ್ಳುವ ಚಪಲದ ಬಗ್ಗೆ ಸುಮ್ಮನಿರಲಾರೆ. 2025ರ ಏಪ್ರಿಲ್‌ನಲ್ಲಿ ಕೀನ್ಯಾದಲ್ಲಿ ಸುಮಾರು ಐದು ಸಾವಿರ ರಾಣಿ ಇರುವೆಗಳನ್ನು ಹತ್ತಿ ತುಂಬಿದ ಎರಡು ಸಾವಿರಕ್ಕೂ ಹೆಚ್ಚು ನಳಿಕೆಗಳಲ್ಲಿ ಕೂಡಿಟ್ಟಿದ್ದವರು ಸಿಕ್ಕಿಬಿದ್ದರು. ಮುಂದಿನ ತಿಂಗಳು ನ್ಯಾಯಾಲಯ ಈ ಬಗೆಯ ಸಾಗಣೆಗಾಗಿ ನಾಲ್ವರಿಗೆ ತಲಾ ಹತ್ತು ಲಕ್ಷ ಶಿಲ್ಲಿಂಗ್ ದಂಡ, ತಪ್ಪಿದರೆ ಹನ್ನೆರಡು ತಿಂಗಳ ಸೆರೆ ವಿಧಿಸಿತು. ಸಿಕ್ಕ ಇರುವೆಗಳಲ್ಲಿ ಕಾಳು ಸಂಗ್ರಹಿಸುವ ಮೆಸ್ಸರ್ ಸೆಫಲೋಟಿಸ್ ಎಂಬ ದೊಡ್ಡ ಕೆಂಪಿರುವೆಯೂ ಇತ್ತು. ನಾನು ಇಷ್ಟು ಮೆಚ್ಚುವ ಆ ಪ್ರನಾಳವೇ ಕಳ್ಳಸಾಗಣೆಯ ಸಾಧನವಾದದ್ದನ್ನು ಓದಿ ಮನಸ್ಸು ಕುಗ್ಗಿತು. ಒಂದೊಂದು ರಾಣಿಯೂ ಹುಟ್ಟಬಹುದಾದ ಒಂದೊಂದು ಗೂಡು. ಐದು ಸಾವಿರ ಗೂಡುಗಳನ್ನು ಒಂದು ನೆಲದಿಂದ ಕಿತ್ತಂತಾಯಿತು. ತಲುಪಿದ ನೆಲಕ್ಕೂ ಅದು ಒಳಿತಲ್ಲ. ದಕ್ಷಿಣ ಅಮೆರಿಕದ ಬೆಂಕಿ ಇರುವೆ 1930ರ ದಶಕದಲ್ಲಿ ಅಮೆರಿಕದ ಅಲಬಾಮ ರಾಜ್ಯದ ಮೊಬೈಲ್ ಎಂಬ ಬಂದರಿನಲ್ಲಿ ಇಳಿದು ಅಲ್ಲಿಯ ತೆಂಕಣ ರಾಜ್ಯಗಳನ್ನೆಲ್ಲ ಆವರಿಸಿತು; 2001ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಕಂಡದ್ದನ್ನು ಇಂದಿಗೂ ಪೂರ್ತಿ ತೊಡೆಯಲಾಗಿಲ್ಲ. 1956ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮಕ್ಕಳ ಇರುವೆ ಗೂಡುಗಳಲ್ಲಿ ರಾಣಿ ಇರುತ್ತಿರಲಿಲ್ಲ. ಕೆಲಸಗಾರ ಇರುವೆಗಳು ಕೆಲವು ತಿಂಗಳು ಬದುಕಿ ಸಾಯುತ್ತಿದ್ದವು. ಅದು ನನಗೆ ಇಷ್ಟವಾದ ಕ್ರಮವಲ್ಲ, ಆದರೆ ರಾಣಿಯನ್ನು ಊರೂರಿಗೆ ಸಾಗಿಸುವುದಕ್ಕಿಂತ ಅದೇ ಮೇಲು. ನಿಂತ ನೆಲದಲ್ಲಿ ಹಾರಿ ಬಿದ್ದ ರಾಣಿಯನ್ನು ಸಾಕಬೇಕು, ಸಾಕಲಾಗದಿದ್ದರೆ ಹಿಡಿದ ಜಾಗದಲ್ಲೇ ಬಿಡಬೇಕು.

ಅಕ್ಕನ ಮಗ ಮುಂದಿನ ವರ್ಷದ ಮಳೆಗೆ ಇನ್ನೊಂದು ಗೊದ್ದದ ರಾಣಿಯನ್ನು ಹಿಡಿದ. ಈ ಬಾರಿ ನಾನು ಏನನ್ನೂ ಹೇಳಲಿಲ್ಲ, ಅವನು ಕಂಡದ್ದನ್ನು ಕೇಳಿ ಬರೆದುಕೊಂಡೆ. ಜನವರಿಯಲ್ಲಿ ನನ್ನ ಫ್ರಿಜ್ಜಿನಲ್ಲಿ ಆರು ಡಿಗ್ರಿಯಲ್ಲಿ ನನ್ನ ರಾಣಿ ಹನ್ನೊಂದು ಕೆಲಸಗಾರ ಇರುವೆಗಳ ನಡುವೆ ಅಲುಗದೆ ಮಲಗಿದ್ದಾಗ, ಅವನ ಮೇಜಿನ ಅರೆಯಲ್ಲಿ ಅವನ ರಾಣಿ ಹೊಸದಾಗಿ ಮೊಟ್ಟೆಯಿಡುತ್ತಿತ್ತು. ಎರಡೂ ಪ್ರನಾಳಗಳ ಮೇಲೆ ಹಿಡಿದ ದಿನ, ಹಿಡಿದ ಜಾಗ, ಕುಲದ ಹೆಸರು ಬರೆದ ಚೀಟಿ ಅಂಟಿಕೊಂಡಿದೆ.