ಮರಳುಗಾಡಿನ ಬಗ್ಗಿ ಮಂಡ್ಯಕ್ಕೆ ಬೇಕಾ?

ದುಬೈನಲ್ಲಿ ಕೆಲಸ ಮಾಡುವವನು ಊರಿಗೆ ಬಂದರೆ ಎಲ್ಲರಿಗೂ ಒಂದೊಂದು ಐಡಿಯಾ ಹೊಳೆಯುತ್ತದೆ. ಈ ಸಲದ್ದು ಡೂನ್ ಬಗ್ಗಿ, ಅಂದರೆ ಮರಳಿನ ದಿಬ್ಬ ಹತ್ತಿ ಇಳಿಯುವ ಗಾಡಿ. ಮಂಡ್ಯದ ಹತ್ತಿರ, ಹಳೇ ಬೆಂಗಳೂರು–ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ, ನಮ್ಮ ಭಾವನ ಜಮೀನಿದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಬೆಂಗಳೂರಿನ ಕಾರುಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವುದನ್ನೂ ಮುಟ್ಟದೆ ಬೈಪಾಸ್ ಮೇಲೇ ಮೈಸೂರಿಗೆ ಹೋಗಿಬಿಡುತ್ತವೆ, ಹಳೇ ರಸ್ತೆಯ ಎಷ್ಟೋ ಹೋಟೆಲಿನವರು ನೊಣ ಹೊಡೆಯುತ್ತಾ ಕೂತಿದ್ದಾರೆ, ಆ ಜನರನ್ನು ಹೇಗಾದರೂ ಮಾಡಿ ಕೆಳಗಿಳಿಸಬೇಕು ಅನ್ನೋದು ಈ ಕಡೆಯವರ ಚಿಂತೆ. ಅಕ್ಕನ ಮಗ ಹೇಳಿದ: "ಮಾವ, ಅಲ್ಲಿ ನಮ್ಗೆ ಓಡ್ಸಕ್ಕೆ ಕೊಡ್ಸುದ್ರಲ್ಲ ಆ ಗಾಡಿ, ಅಂಥವು ನಾಕು ತಂದ್ ಬುಡವ. ಜನ ಹುಡ್ಕೊಂಡ್ ಬತ್ತಾರೆ."

ಬಗ್ಗಿ ಬೇಡ ಅಂದೆ. ಅದರ ಜೊತೆಗಿರುವ ಶಿಸ್ತು ಬೇಕಾದರೆ ತನ್ನಿ ಅಂದೆ. ಮನೆಯಲ್ಲಿ ಯಾರಿಗೂ ಸಮಾಧಾನ ಆಗಲಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನೋಡದವರಿಗೆ ಮೊದಲು ಗಾಡಿ ವಿಷಯ. ದುಬೈನ ಲಹಬಾಬ್ ಕಡೆ, ಶಾರ್ಜಾದ ಅಲ್ ಬದಾಯರ್ ಕಡೆ ಕೆಂಪು ಮರಳಿನ ದಿಬ್ಬಗಳಿವೆ. ಮರಳಿನ ಕಣಕ್ಕೆ ಕಬ್ಬಿಣದ ತುಕ್ಕಿನ ಲೇಪ ಇರುವುದರಿಂದ ಆ ಬಣ್ಣ. ಅಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಪೊಲಾರಿಸ್ ಆರ್‌ಜಡ್‌ಆರ್ ಅಥವಾ ಕ್ಯಾನ್-ಆಮ್ ಮೇವರಿಕ್. ಬಾಗಿಲು, ಗಾಜು ಅಂತ ನಂಬಿಕೊಳ್ಳುವಂಥದ್ದೇನೂ ಇಲ್ಲ, ಸುತ್ತ ಕಬ್ಬಿಣದ ಪೈಪಿನ ಪಂಜರ. ಕ್ಲಚ್ ಇಲ್ಲ, ಬೆಲ್ಟಿನ ಮೇಲೆ ಓಡುವ ಆಟೋಮ್ಯಾಟಿಕ್. ಆರ್‌ಜಡ್‌ಆರ್ ಎಕ್ಸ್‌ಪಿ 1000 ಮಾಡೆಲ್ ತಗೊಳ್ಳಿ: 999 ಸಿಸಿ ಎಂಜಿನ್, 110 ಅಶ್ವಶಕ್ತಿ, ತೂಕ ಸುಮಾರು 620 ಕೆಜಿ. ನಮ್ಮ ಭಾವನ ಟ್ರ್ಯಾಕ್ಟರ್ 45 ಅಶ್ವಶಕ್ತಿಯದ್ದು, ತೂಕ ಎರಡು ಟನ್ ಆಸುಪಾಸು. ಈಗ ನೀವೇ ಲೆಕ್ಕ ಹಾಕಿ. ಆಕ್ಸಲರೇಟರ್ ಮೇಲೆ ಕಾಲು ಸ್ವಲ್ಪ ಭಾರ ಆದರೂ ಗಾಡಿ ನೆಗೆಯುತ್ತದೆ.

ಇಂಥ ಗಾಡಿಯನ್ನು ಅವತ್ತೇ ಮೊದಲ ಸಲ ನೋಡಿದವನ ಕೈಗೆ, ಕಾರು ಓಡಿಸಲೂ ಸರಿಯಾಗಿ ಬಾರದವನ ಕೈಗೆ ಕೂಡ, ಕೊಟ್ಟು ಕಳಿಸುತ್ತಾರೆ. ಆದರೂ ಹೆಚ್ಚಿನವರು ನಗುನಗುತ್ತಾ ವಾಪಸ್ ಬರುತ್ತಾರೆ ಅಂದರೆ ಅದಕ್ಕೆ ಕಾರಣ ಗಾಡಿ ಅಲ್ಲ, ಹೊರಡುವ ಮುಂಚೆ ನಡೆಯುವ ಪಾಠ ಮತ್ತು ಮುಂದೆ ಹೋಗುವ ಗೈಡ್.

ಪಾಠದಲ್ಲಿ ಏನು ಹೇಳುತ್ತಾರೆ? ದಿಬ್ಬವನ್ನು ನೇರ ಹತ್ತಿ, ನೇರ ಇಳಿಯಿರಿ. ಓರೆಯಾಗಿ ಹೋದರೆ ಗಾಡಿ ಪಲ್ಟಿ. ನೆತ್ತಿಯ ಮೇಲೆ ಸ್ಟಿಯರಿಂಗ್ ತಿರುಗಿಸಬೇಡಿ. ಗಾಳಿ ಬಂದು ಬಡಿಯುವ ಕಡೆ ದಿಬ್ಬ ಉದ್ದಕ್ಕೆ ಇಳಿಜಾರಾಗಿ ಇರುತ್ತದೆ, ಆಚೆ ಕಡೆ ಮರಳು ಜಾರಿ ಜಾರಿ ನಿಂತ ಕಡಿದಾದ ಇಳಿಜಾರು. ಒಣ ಮರಳು ನಿಲ್ಲುವುದೇ ಸುಮಾರು 32–34 ಡಿಗ್ರಿಯವರೆಗೆ, ಅದಕ್ಕಿಂತ ಕಡಿದಾದರೆ ತಾನೇ ಜಾರುತ್ತದೆ. ಹತ್ತುವಾಗ ಆಚೆ ಏನಿದೆ ಅಂತ ನಿಮಗೆ ಕಾಣುವುದಿಲ್ಲ. ಅದಕ್ಕೇ ಮುಂದಿನ ಗಾಡಿ ನೆತ್ತಿ ದಾಟಿ ಇಳಿಯುವವರೆಗೆ ಕೆಳಗೇ ಕಾಯಬೇಕು, ಅದಕ್ಕೇ ಪ್ರತಿ ಗಾಡಿಯ ಹಿಂದೆ ಉದ್ದ ಕಡ್ಡಿಗೆ ಬಾವುಟ ಕಟ್ಟಿರುತ್ತಾರೆ. ನಿಲ್ಲಿಸಬೇಕಾದರೆ ಮೂತಿ ಇಳಿಜಾರಿನ ಕಡೆ ಇರಲಿ, ಇಲ್ಲದಿದ್ದರೆ ಮತ್ತೆ ಹೊರಡುವಾಗ ಚಕ್ರ ಹೂತುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯ ಮಾತು: ಗಾಡಿ ಮಗುಚಿದರೆ ಕೈ ಹೊರಗೆ ಚಾಚಬೇಡಿ. ನೆಲಕ್ಕೆ ಊರಿ ತಡೆಯೋಣ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆ ಕೈ ಪಂಜರದ ಪೈಪಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಸ್ಟಿಯರಿಂಗ್ ಹಿಡಿದು ಸುಮ್ನೆ ಕೂರಬೇಕು. ಎರಡೂ ಹೆಗಲು, ಸೊಂಟ ಹಿಡಿದಿಡುವ ಬೆಲ್ಟ್ ಮಿಕ್ಕಿದ್ದು ನೋಡಿಕೊಳ್ಳುತ್ತದೆ.

ಇಷ್ಟನ್ನೂ ಯಾರೋ ಬಡಬಡ ಅಂತ ಓದಿ ಮುಗಿಸುವುದಿಲ್ಲ. ಹೇಳಿ, ಮತ್ತೆ ನಮ್ಮ ಬಾಯಲ್ಲೇ ಹೇಳಿಸುತ್ತಾರೆ. ಭಾಷೆ ಇಂಗ್ಲಿಷ್, ಹಿಂದಿ, ಮಲಯಾಳಂ ಯಾವುದಾದರೂ ಆಗಬಹುದು. ಕನ್ನಡ ಮಾತ್ರ ಇದುವರೆಗೆ ನನ್ನ ಕಿವಿಗೆ ಬಿದ್ದಿಲ್ಲ. ಭಾವನಿಗೆ ನಾನೇ ದುಭಾಷಿ.

ಅವರು ಅಕ್ಕನ ಜೊತೆ ಬಂದಾಗ ಹೋಗಿದ್ದೆವು. ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಹಿಡಿದ ಮನುಷ್ಯ, ಕೆಸರುಗದ್ದೆಯಲ್ಲಿ ಕಬ್ಬಿಣದ ಕೇಜ್ ವೀಲ್ ಹಾಕಿ ಉತ್ತವರು, ಅವರಿಗೆ ಈ ಗೈಡ್ ಹುಡುಗ ಯಾವ ಲೆಕ್ಕ? ಸ್ವಲ್ಪ ದೂರ ಹೋದ ಮೇಲೆ ಸಾಲು ಬಿಟ್ಟು ಪಕ್ಕದ ದಿಬ್ಬ ಹತ್ತಲು ಹೊರಟರು. ಗೈಡ್ ಇಡೀ ಸಾಲು ನಿಲ್ಲಿಸಿದ. ಇಳಿದು ಆ ಸುಡು ಮರಳಿನಲ್ಲಿ ನಡೆದು ಬಂದ. ದನಿ ಏರಿಸಲಿಲ್ಲ, "ಅಣ್ಣಾ, ಇನ್ನೊಂದು ಸಲ ಹೀಗೆ ಮಾಡಿದರೆ ಕೀ ತಗೋತೀನಿ, ದುಡ್ಡು ವಾಪಸ್ ಇಲ್ಲ" ಅಂತ ಹಿಂದಿಯಲ್ಲಿ ಹೇಳಿ ಹೋದ. ಊರಲ್ಲಿ ಯಾರಾದರೂ ಹೀಗೆ ಅಂದಿದ್ದರೆ ಅಲ್ಲಿಗೇ ಜಗಳ. ಭಾವ ತಲೆಯಾಡಿಸಿದರು, ಆಮೇಲೆ ಗೆರೆ ಹಾಕಿದ ಹಾಗೆ ಅವನ ಚಕ್ರದ ಗುರುತಿನ ಮೇಲೇ ಓಡಿಸಿದರು. ಸಂಜೆ ಚಹಾ ಕುಡಿಯುತ್ತಾ ಅವರೇ ಅಂದರು, "ಆ ಹುಡ್ಗ ಸರಿಯಾಗೇ ಮಾಡ್ದ ಕಣೋ."

ಇನ್ನು ನಮ್ಮ ಕಡೆ. ಮೈಸೂರಿನ ಹೊರಗೆ ಒಂದು ಕಡೆ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹಳೇ ಟೈರು ಜೋಡಿಸಿದ ಸುತ್ತು ದಾರಿ, ಬೈಕಿನ ಹಾಗೆ ಕೂತು ಓಡಿಸುವ ನಾಲ್ಕು ಚಕ್ರದ ಎಟಿವಿ, ಕೊಳೆತ ವಾಸನೆಯ ಹೆಲ್ಮೆಟ್, ಅದೂ ಎಲ್ಲರಿಗೂ ಒಂದೇ ಸೈಜು. ಪಾಠ ಅಂದರೆ "ಇದು ಆಕ್ಸಲರೇಟ್ರು, ಇದು ಬ್ರೇಕು, ಏನೂ ಆಗಲ್ಲ ಹೋಗಿ ಸಾರ್". ಮಕ್ಕಳು ಹತ್ತಿದರೆ ಅಲ್ಲಿನ ಹುಡುಗ ಹಿಂದೆ ಹಾರಿ ಕೂತು ಹ್ಯಾಂಡಲ್ ಹಿಡಿಯುತ್ತಾನೆ. ನೋಡುವವರಿಗೆ ಇದೇ ಸೇಫ್ ಅನಿಸುತ್ತದೆ. ನಿಜ ಬೇರೆ. ಎಟಿವಿಗೆ ಪಂಜರ ಇಲ್ಲ, ಬೆಲ್ಟ್ ಇಲ್ಲ. ತಿರುವಿನಲ್ಲಿ ಓಡಿಸುವವನು ತನ್ನ ಮೈಯನ್ನೇ ಒಳಗಡೆ ವಾಲಿಸಿ ಗಾಡಿ ಉರುಳದಂತೆ ನೋಡಿಕೊಳ್ಳಬೇಕು. ಒಬ್ಬರಿಗೆ ಅಂತ ಮಾಡಿದ ಸೀಟಿನಲ್ಲಿ ಇಬ್ಬರು ಕೂತರೆ ಯಾರಿಗೂ ವಾಲಲು ಆಗುವುದಿಲ್ಲ, ಭಾರ ಹಿಂದಕ್ಕೆ ಹೋಗಿರುತ್ತದೆ, ಏರಿನಲ್ಲಿ ಮುಂದಿನ ಚಕ್ರ ಎದ್ದರೆ ಇಡೀ ಗಾಡಿ ಮೈಮೇಲೆ ಬರುತ್ತದೆ. ಪಳಗದವರಿಗೆ, ಮನೆಮಂದಿಗೆಲ್ಲ, ಈ ಸಣ್ಣ ಎಟಿವಿಗಿಂತ ಪಂಜರ ಇರುವ ದೊಡ್ಡ ಬಗ್ಗಿಯೇ ವಾಸಿ ಅಂತ ನಾನು ಹೇಳುತ್ತೇನೆ. ಯಾರು ಬೇಕಾದರೂ ನಗಲಿ.

ಹಾಗಂತ ಅಲ್ಲಿಯದೆಲ್ಲ ಚಿನ್ನ, ಇಲ್ಲಿಯದೆಲ್ಲ ಮಣ್ಣು ಅಂತ ಅಲ್ಲ. ಅಲ್ಲಿ ಪಾಠಕ್ಕೂ ಮುಂಚೆ ಒಂದು ಕಾಗದ ಮುಂದಿಡುತ್ತಾರೆ. ಕೈ ಮುರಿದರೆ ನಿಮ್ಮ ಜವಾಬ್ದಾರಿ, ಗಾಡಿ ಮುರಿದರೂ ನಿಮ್ಮ ಜವಾಬ್ದಾರಿ. ವಾಪಸ್ ಬಂದ ಕೂಡಲೇ ಒಬ್ಬ ಟಾರ್ಚ್ ಹಿಡಿದು ಗಾಡಿಯ ಅಡಿ, ಪಕ್ಕ ಎಲ್ಲ ಹುಡುಕುತ್ತಾನೆ, ಗೀರು ಹಳೆಯದೋ ಹೊಸದೋ ಅಂತ ವಾದ ಶುರು. ಹೊರಡುವ ಮುಂಚೆ ನಾಲ್ಕೂ ಕಡೆ ವಿಡಿಯೋ ಮಾಡಿಟ್ಟುಕೊಂಡವನಿಗೆ ನೆಮ್ಮದಿ. ನಮ್ಮ ಕಡೆ ಕಾಗದ ಇಲ್ಲ ನಿಜ, ಆದರೆ ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗಿ ನೋಡಿ. ಆ ಕಲ್ಲು, ಆ ಕೊರಕಲು, ಮಂಜು ಮುಸುಕಿದರೆ ಬಾನೆಟ್ ಕೂಡ ಕಾಣದ ದಾರಿ, ಅದರಲ್ಲಿ ಕೊಡಗಿನ ಡ್ರೈವರ್ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಹತ್ತಿಸುತ್ತಾನೆ. ದುಬೈನ ಯಾವ ಗೈಡಿಗೂ ಅವನು ಕಡಿಮೆ ಇಲ್ಲ. ನಮ್ಮಲ್ಲಿ ಕೈಚಳಕಕ್ಕೆ ಬರ ಇಲ್ಲ. ಅದನ್ನು ಬೇರೆಯವರಿಗೆ ಕೂರಿಸಿಕೊಂಡು ಹೇಳಿಕೊಡುವ ಅಭ್ಯಾಸ ಇಲ್ಲ, ಹೇಳಿದರೆ ಕೇಳುವ ಅಭ್ಯಾಸ ಅದಕ್ಕಿಂತ ಕಡಿಮೆ.

ಈಗ ಬಗ್ಗಿ ಯಾಕೆ ಬೇಡ ಅನ್ನುವ ಮಾತು. ನೆಲ ಬೇರೆ. ಅಲ್ಲಿ ಹತ್ತಾರು ಗಾಡಿ ಓಡಿದ ಗುರುತನ್ನು ಗಾಳಿ ಅಳಿಸಿಹಾಕುತ್ತದೆ. ಆದರೂ ಮರಳುಗಾಡು ಖಾಲಿ ಜಾಗ ಅಂತ ಅವರೂ ಬಿಟ್ಟಿಲ್ಲ. 2003ರಲ್ಲೇ ದುಬೈನಲ್ಲಿ 225 ಚದರ ಕಿಲೋಮೀಟರ್ ಮರಳುಗಾಡಿಗೆ ಬೇಲಿ ಹಾಕಿ, ಒರಿಕ್ಸ್ ಜಿಂಕೆಗಳನ್ನು ಬಿಟ್ಟು, ಸಿಕ್ಕಸಿಕ್ಕವರು ಗಾಡಿ ನುಗ್ಗಿಸದಂತೆ ಮಾಡಿದ್ದಾರೆ. ಅಲ್ಲಲ್ಲಿ ಗಾಫ್ ಅನ್ನುವ ಮರ ನಿಂತಿರುತ್ತದೆ. ಅದು ಆ ದೇಶದ ರಾಷ್ಟ್ರೀಯ ಮರ, ಸುಮ್ಮನೆ ಕಡಿಯುವ ಹಾಗಿಲ್ಲ. ನೋಡಿದರೆ ನಮ್ಮ ಬನ್ನಿ ಮರವೇ, ದಸರಾ ಜಂಬೂ ಸವಾರಿ ಬನ್ನಿಮಂಟಪಕ್ಕೆ ಹೋಗುವುದು ಯಾವ ಮರಕ್ಕೋ ಅದೇ ಜಾತಿ. ಮೊದಲ ಸಲ ಗೊತ್ತಾದಾಗ ಗಾಡಿ ನಿಲ್ಲಿಸಿ ಕೈ ಮುಗಿದವರಲ್ಲಿ ನಮ್ಮ ಅಕ್ಕನೂ ಒಬ್ಬಳು.

ನಮ್ಮಲ್ಲಿ ಮರಳಿನ ದಿಬ್ಬ ಎಲ್ಲಿದೆ? ಮರಳು ಸಿಕ್ಕ ಕಡೆ ಲಾರಿ ಮೊದಲು ಬಂದಿರುತ್ತದೆ. ಹಾಗಾಗಿ ಬಗ್ಗಿ ತಂದವರ ಕಣ್ಣು ಬೀಳುವುದು ಕೆರೆ ಅಂಗಳದ ಮೇಲೆ, ಗುಡ್ಡದ ಕುರುಚಲು ಕಾಡಿನ ಮೇಲೆ, ಬೇಸಿಗೆಯಲ್ಲಿ ನೀರು ತುಂಬಿದ ಮಟ್ಟವಾದ 124.80 ಅಡಿಯಿಂದ ಎಷ್ಟೋ ಕೆಳಗಿಳಿದ ಕೆಆರ್‌ಎಸ್ ಹಿನ್ನೀರಿನ ಮೇಲೆ. ಈಗಲೇ ಅಲ್ಲಿ ಜೀಪು, ಬೈಕು ಇಳಿಸಿ ಹೂತುಕೊಂಡು ಟ್ರ್ಯಾಕ್ಟರಿಗೆ ಫೋನ್ ಮಾಡುವವರು ಇದ್ದಾರೆ. ಬೇಸಿಗೆಯಲ್ಲೇ ಟಿಟ್ಟಿಭ ಹಕ್ಕಿ ಬಯಲು ನೆಲದಲ್ಲಿ ಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ, ಗೂಡು ಅಂತ ಏನೂ ಕಟ್ಟುವುದಿಲ್ಲ, ಒಂದು ಚಕ್ರ ಹೋದರೆ ಮುಗಿಯಿತು. ದನ, ಕುರಿ ಮೇಯುವುದೂ ಅಲ್ಲೇ. ಮೇಲುಕೋಟೆ ಕಡೆ ಗುಡ್ಡ ಚೆನ್ನಾಗಿದೆ ಅಂದ ಅಕ್ಕನ ಮಗ. ಅದು 1974ರಿಂದ ವನ್ಯಧಾಮ, ತೋಳಕ್ಕೆ ಅಂತ ಉಳಿಸಿದ ಕಾಡು ಮಾರಾಯ. ಕೆಮ್ಮಣ್ಣಿನ ಗುಡ್ಡದಲ್ಲಿ ಒಂದು ಸಲ ಚಕ್ರ ಕೊರೆದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ, ಅದರ ಮುಂದಿನ ಮಳೆಗೆ ಹಳ್ಳ.

ಸ್ವಂತ ಜಮೀನಿನಲ್ಲಿ ಮಾಡಿದರೆ? ಆಗ ಕಾನೂನಿನ ತೊಡಕು ಕಡಿಮೆ, ಆದರೆ ಜಾಗ ಸಾಲದು. ಈ ಬಗ್ಗಿಗಳಿಗೆ ಆರ್‌ಟಿಓ ನೋಂದಣಿ ಇಲ್ಲ, ನಡುವೆ ಊರಿನ ರಸ್ತೆ ಬಂದರೆ ದಾಟಲೂ ಆಗುವುದಿಲ್ಲ. (ಪೊಲಾರಿಸ್‌ನವರು ಒಂದು ಎಟಿವಿಯನ್ನು ಇಂಡಿಯಾದಲ್ಲಿ ಟ್ರ್ಯಾಕ್ಟರ್ ಅಂತಲೇ ನೋಂದಾಯಿಸಿ ರಸ್ತೆಗೆ ತಂದರು. ಅದನ್ನು ಕೇಳಿ ಭಾವ ನಕ್ಕಿದ್ದು ನೋಡಬೇಕಿತ್ತು.) ನಾಲ್ಕೈದು ಎಕರೆಯಲ್ಲಿ 110 ಅಶ್ವಶಕ್ತಿ ಇಟ್ಟುಕೊಂಡು ಏನು ಮಾಡುತ್ತೀರಿ? ಆಕ್ಸಲರೇಟರ್ ಒತ್ತುವಷ್ಟರಲ್ಲಿ ಬೇಲಿ.

ನಾನು ಹೇಳಿದ್ದು ಇಷ್ಟು. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬಾಹಾ ಸ್ಪರ್ಧೆಗೆ ಅಂತ ತಾವೇ ಪೈಪ್ ಬೆಸೆದು ಬಗ್ಗಿ ಕಟ್ಟುತ್ತಾರೆ. ಆ ಸ್ಪರ್ಧೆಯಲ್ಲಿ ಎಷ್ಟೋ ವರ್ಷ ಬಳಸಿದ ಎಂಜಿನ್ 10 ಅಶ್ವಶಕ್ತಿಯದ್ದು, ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್ ಕಂಪನಿಯದ್ದು. ಆ ಮಟ್ಟದ ಶಕ್ತಿ, ಗಟ್ಟಿ ಪಂಜರ, ನಾಲ್ಕು ಪಟ್ಟಿಯ ಬೆಲ್ಟ್, ಅಕ್ಕಪಕ್ಕದ ಜಮೀನಿನವರನ್ನು ಸೇರಿಸಿಕೊಂಡು ಒಂದೇ ದಿಕ್ಕಿನ ದಾರಿ. ಕಬ್ಬಿನ ಗದ್ದೆ ನಡುವೆ ಹೋಗಿ ಆಲೆಮನೆಯಲ್ಲಿ ನಿಂತು ಬಿಸಿ ಬೆಲ್ಲ ತಿಂದು ವಾಪಸ್. ಮುಂದೆ ಗೈಡಾಗಿ ಊರಿನದೇ ಒಬ್ಬ ಟ್ರ್ಯಾಕ್ಟರ್ ಡ್ರೈವರ್, ಸಾಲು ಬಿಟ್ಟವರ ಕೀ ಕಿತ್ತುಕೊಳ್ಳುವ ಅಧಿಕಾರ ಅವನಿಗೆ. ಬೆಂಗಳೂರಿನ ದೊಡ್ಡ ಮನುಷ್ಯರ ಮಗ ಆದರೂ ಸರಿ. ಇದಕ್ಕೆ ಯಾರು ದುಡ್ಡು ಕೊಡುತ್ತಾರೆ ಅಂತ ಅಕ್ಕನ ಮಗ ಮುಖ ಸಣ್ಣದು ಮಾಡಿದ. ಭಾವ ಮಾತ್ರ ಪಕ್ಕದ ಜಮೀನಿನವರ ಜೊತೆ ಮಾತಾಡುತ್ತೇನೆ ಅಂದಿದ್ದಾರೆ, ಆ ಇಬ್ಬರಿಗೂ ಬದುವಿನ ವಿಷಯಕ್ಕೆ ಮಾತು ಬಿಟ್ಟು ಎಷ್ಟೋ ಕಾಲ ಆಗಿದೆ, ನೋಡಬೇಕು.

ದುಬೈಗೇ ಬಂದು ಓಡಿಸುವವರಿಗೆ ಒಂದೆರಡು ಮಾತು. ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ಬನ್ನಿ. ಬೆಳಿಗ್ಗೆಯ ಹೊತ್ತು ಕೇಳಿ, ಆಗ ಮರಳು ತಣ್ಣಗೆ, ಸ್ವಲ್ಪ ಬಿಗಿಯಾಗಿ ಇರುತ್ತದೆ. ಬೆನ್ನುನೋವು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಹತ್ತಬೇಡಿ, ಅವರು ಕೇಳದಿದ್ದರೂ ನೀವೇ ಹೇಳಿ. ಗೈಡ್ ತನ್ನದೇ ಬೇರೆ ಗಾಡಿಯಲ್ಲಿ ಮುಂದೆ ಹೋಗುತ್ತಾನಾ, ಅವನ ಹಿಂದೆ ಎಷ್ಟು ಗಾಡಿ ಅಂತ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಪತ್ರ ಓದಿ, ಎಷ್ಟೋ ಪಾಲಿಸಿಗಳಲ್ಲಿ ಇಂಥ ಆಟಗಳು ಸೇರುವುದಿಲ್ಲ. ಒಂದು ಹತ್ತಿ ಟವೆಲ್ ತನ್ನಿ, ಮೂಗು ಬಾಯಿಗೆ ಕಟ್ಟಲು. ಅಲ್ಲಿ ಅದನ್ನೇ ಚೌಕಳಿ ಹಾಕಿ ನಾಲ್ಕು ಪಟ್ಟು ರೇಟಿಗೆ ಮಾರುತ್ತಾರೆ.