ವಿಮಾನ ಇಳಿದ ಮೇಲೆ ಶುರುವಾಗುವ ಪ್ರಯಾಣ

ದುಬೈಯಿಂದ ಬೆಂಗಳೂರಿಗೆ ಸುಮಾರು ನಾಲ್ಕು ಗಂಟೆ. ಅದು ಸುಲಭದ ಭಾಗ. ಏರ್‌ಪೋರ್ಟ್ ಇರೋದು ಊರಿನ ಉತ್ತರಕ್ಕೆ ದೇವನಹಳ್ಳಿ ಕಡೆ, ಮಡಿಕೇರಿ ಬಸ್ಸು ಹೊರಡೋದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ. ಅಂದ್ರೆ ನಾವು ಕೊಡಗಿನವರು ಮನೆ ಸೇರಬೇಕಾದರೆ ಮೊದಲು ಇಡೀ ಬೆಂಗಳೂರನ್ನು ದಾಟಬೇಕು, ಅದೂ ನಿದ್ದೆಗೆಟ್ಟ ಕಣ್ಣಲ್ಲಿ, ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು.

ಟ್ಯಾಕ್ಸಿ ಕಥೆ ಕೇಳಲೇಬೇಡಿ. ಆ್ಯಪ್‌ನಲ್ಲಿ ಒಂದು ದರ, ಡ್ರೈವರ್ ಫೋನ್ ಮಾಡಿ 'ಎಲ್ಲಿಗೆ ಸಾರ್?' ಅಂತ ಕೇಳಿದ ಮೇಲೆ ಇನ್ನೊಂದು. ಜಾಸ್ತಿ ಕೊಡಲ್ಲ ಅಂದ್ರೆ ಅವನು ಕ್ಯಾನ್ಸಲ್ ಮಾಡಲ್ಲ, ನಾವೇ ಮಾಡಲಿ ಅಂತ ಸುಮ್ನೆ ಕಾಯ್ತಾನೆ! ಏರ್‌ಪೋರ್ಟಿಂದ ಊರಿಗೆ ಓಡುವ ಸರ್ಕಾರಿ ವಾಯುವಜ್ರ ಬಸ್ಸು ಎಷ್ಟೋ ವಾಸಿ. ಸಾಮಾನಿಡಲು ಜಾಗ ಇದೆ, ಚೌಕಾಸಿ ಇಲ್ಲ. ಆದರೆ ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಬಸ್ಸೂ ಒಂದೇ, ಕಾರೂ ಒಂದೇ. 2021ರಲ್ಲಿ ಏರ್‌ಪೋರ್ಟ್ ಹತ್ತಿರ ರೈಲು ಹಾಲ್ಟ್ ಆಯಿತು, ನಿಜ. ನಮ್ಮ ವಿಮಾನ ಇಳಿಯುವ ಹೊತ್ತಿಗೆ ಅಲ್ಲಿ ರೈಲು ಸಿಗಬೇಕಲ್ವಾ?

ಅತ್ತೆ ಮಾತ್ರ ಫೋನ್ ಮೇಲೆ ಫೋನ್. 'ಬೆಂಗಳೂರಿಗೆ ಬಂದಾಯ್ತಲ್ಲ, ಇನ್ನೇನು, ಮಧ್ಯಾಹ್ನ ಊಟಕ್ಕೆ ಬರ್ತೀಯಾ?' ಏನು ಹೇಳೋದು!

ವಿರಾಜಪೇಟೆ ಕಡೆಯವರು ಪುಣ್ಯವಂತರು. 2018ರ ಕೊನೆಗೆ ಕಣ್ಣೂರು ವಿಮಾನ ನಿಲ್ದಾಣ ಶುರುವಾಯಿತು, ಮಾಕುಟ್ಟ ಘಾಟಿ ಹತ್ತಿದರೆ ಮನೆ. ಆದರೆ ಮಳೆಗಾಲದಲ್ಲಿ ಆ ಘಾಟಿಯಲ್ಲಿ ಯಾವಾಗ ಮಣ್ಣು ಕುಸಿಯುತ್ತೋ. ನಮ್ಮ ಜಿಲ್ಲೆಯಲ್ಲಂತೂ ವಿಮಾನವೂ ಇಲ್ಲ, ರೈಲೂ ಇಲ್ಲ. ಮುಂದಿನ ಸಲ ಟಿಕೆಟ್ ಮಾಡುವಾಗ ಬೆಳಗಿನ ಜಾವ ಇಳಿಯುವ ವಿಮಾನವನ್ನೇ ಹುಡುಕ್ತೀನಿ, ಸಾವಿರ ರೂಪಾಯಿ ಜಾಸ್ತಿ ಆದರೂ ಸರಿ.